40 ರೂಪಾಯಿಯ ನಿಪ್ಪಲ್



ಮೊನ್ನೆ ಹಾಕಿದ ಫೋಟೋದಲ್ಲಿ ನನ್ನ ಅಂಗೈ ಮೇಲೆ ಎರಡು ಪುಟ್ಟ ಸ್ಕ್ರೂ ಇದ್ದವು. ಒಂದು ಪಳಪಳ ಹೊಳೀತಿತ್ತು, ಇನ್ನೊಂದು ಮಾಸಲು ಬಣ್ಣದ್ದು. "ಏನಣ್ಣ, ಸಂಘಟನೆ ಬಿಟ್ಟು ಗ್ಯಾರೇಜ್ ಇಟ್ರಾ?" ಅಂತ ಒಂದಷ್ಟು ಜನ ಕಾಲೆಳೆದ್ರಿ. ಇಟ್ಟಿಲ್ಲ. ಆದರೆ ಆ ಹೊಳೆಯೋ ಸ್ಕ್ರೂ ಇದೆಯಲ್ಲ, ಅದು ಕಳೆದ ತಿಂಗಳು ನನ್ನನ್ನೂ ಹಿಂದೆ ಕೂತಿದ್ದ ತಮ್ಮನನ್ನೂ ಮಾದಪ್ಪನ ಬೆಟ್ಟದ ಕಣಿವೆಗೆ ಕಳಿಸೋದರಲ್ಲಿತ್ತು. ಅದಕ್ಕೇ ಬರೀತಿದೀನಿ. ಸ್ವಲ್ಪ ಉದ್ದ ಆಗುತ್ತೆ, ಓದಿ.

ಬೆಟ್ಟದ ಮೇಲಿನ ಒಂದು ಹಟ್ಟಿಯವರ ಜೊತೆ ಮಾತಾಡಿಕೊಂಡು ವಾಪಸ್ ಇಳೀತಿದ್ವಿ. ಸಂಜೆ ಹೊತ್ತು. ತಾಳಬೆಟ್ಟದ ಕಡೆಗೆ ಇಳಿಯೋ ತಿರುವುಗಳು ಗೊತ್ತಲ್ಲ, ಒಂದು ಮುಗಿಯೋದರೊಳಗೆ ಇನ್ನೊಂದು. ಬೆಳಗ್ಗೆಯಿಂದಲೇ ಮುಂದಿನ ಬ್ರೇಕ್ ಲಿವರ್ ಯಾಕೋ ಮೆತ್ತಗಿದೆ ಅನ್ನಿಸ್ತಿತ್ತು. "ನಡೆಯುತ್ತೆ ಬಿಡು, ಊರಿಗೆ ಹೋಗಿ ನೋಡೋಣ" ಅಂದುಕೊಂಡಿದ್ದೆ. ನಾಲ್ಕನೇದೋ ಐದನೇದೋ ತಿರುವಲ್ಲಿ ಲಿವರ್ ಹಿಡಿದ್ರೆ ಸೀದಾ ಹ್ಯಾಂಡಲ್‌ಗೆ ಹೋಗಿ ಅಂಟಿಕೊಳ್ತು. ಬ್ರೇಕೇ ಇಲ್ಲ. ಎದುರಿಗೆ ಮೇಲೆ ಬರ್ತಿರೋ ಬಸ್ಸು. ಹಿಂದಿನ ಡ್ರಮ್ ಬ್ರೇಕ್ ಒತ್ತಿ, ಗೇರ್ ಒಂದೊಂದೇ ಇಳಿಸಿ, ಬೆಟ್ಟದ ಕಡೆಯ ಮಣ್ಣಿನ ಗುಡ್ಡೆಗೆ ಗಾಡಿ ಏರಿಸಿ ನಿಲ್ಲಿಸಿದೆ. ತಮ್ಮ ಇಳಿದವನು ಒಂದು ಮಾತೂ ಆಡಲಿಲ್ಲ, ಕಲ್ಲಿನ ಮೇಲೆ ಕೂತುಬಿಟ್ಟ. ಅವನಿಗೆ ಎಂಟು ತಿಂಗಳ ಮಗು ಇದೆ.

ಬಗ್ಗಿ ನೋಡಿದ್ರೆ ಮುಂದಿನ ಚಕ್ರದ ಕ್ಯಾಲಿಪರ್ ತುಂಬ ಬ್ರೇಕ್ ಆಯಿಲ್ ಜಿನುಗಿ ಧೂಳು ಮೆತ್ತಿಕೊಂಡಿತ್ತು. ಹ್ಯಾಂಡಲ್ ಮೇಲಿನ ಡಬ್ಬಿಯ ಪುಟ್ಟ ಕಿಟಕಿಯಲ್ಲಿ ಆಯಿಲ್ ಕಾಣಿಸ್ತಾನೇ ಇಲ್ಲ. ಮೊದಲನೇ ಗೇರಲ್ಲಿ ಉರುಳಿಕೊಂಡು ಕೌದಳ್ಳಿ ದಾಟಿ, ಹನೂರಿನ ದಾರಿಯಲ್ಲಿ ತಗಡಿನ ಶೀಟ್ ಹಾಕಿದ ಒಂದು ಗ್ಯಾರೇಜ್ ಮುಂದೆ ನಿಲ್ಲಿಸಿದಾಗ ಕತ್ತಲಾಗಿತ್ತು. ಭಾಯ್ ಅಂಗಡಿ ಮುಚ್ಚೋಕೆ ಹೊರಟಿದ್ರು. ಮೊಬೈಲ್ ಟಾರ್ಚ್ ಬಿಟ್ಟು ನೋಡಿ, ಬೆರಳಲ್ಲಿ ಮುಟ್ಟಿ, "ಅಣ್ಣಾ, ಈ ನಿಪ್ಪಲ್ ಯಾರು ಹಾಕಿದ್ದು?" ಅಂದ್ರು.

ಹಾಕಿಸಿದ್ದು ನಾನೇ. ಮೂರು ವಾರದ ಹಿಂದೆ ನಮ್ಮೂರ ಕಡೆಯ ಒಂದು ಗ್ಯಾರೇಜಲ್ಲಿ ಬ್ರೇಕ್ ಪ್ಯಾಡ್ ಬದಲಾಯಿಸುವಾಗ ಹಳೇ ನಿಪ್ಪಲ್‌ನ ತಲೆ ಸವೆದು ಪಾನಾ ಜಾರ್ತಿತ್ತು. ಅಲ್ಲಿದ್ದ ಹುಡುಗ "ಒರಿಜಿನಲ್ ತರಿಸಬೇಕು, ನಾಳೆ ಬನ್ನಿ" ಅಂದ. ನನಗೆ ಮೀಟಿಂಗ್‌ಗೆ ಹೊತ್ತಾಗಿತ್ತು. "ಯಾವುದೋ ಒಂದು ಹಾಕಪ್ಪ" ಅಂದೆ. ಅವನು ಡಬ್ಬದಲ್ಲಿ ಕೈಯಾಡಿಸಿ ಒಂದು ಹೊಳೆಯೋದನ್ನ ತೆಗೆದ, ಥ್ರೆಡ್‌ಗೆ ಟೆಫ್ಲಾನ್ ಟೇಪ್ ಸುತ್ತಿದ, ತಿರುಗಿಸಿದ. 40 ರೂಪಾಯಿ ಉಳೀತು ಅಂತ ಒಳಗೊಳಗೇ ಖುಷಿಪಟ್ಟೆ. ಹುಡುಗನ ತಪ್ಪಿಗಿಂತ ನನ್ನ ತಪ್ಪು ದೊಡ್ಡದು. ಅವನು ನಾಳೆ ಬನ್ನಿ ಅಂದಿದ್ದ.

ಈಗ ಆ ನಿಪ್ಪಲ್ ಏನು ಮಾಡುತ್ತೆ ಅಂತ ಹೇಳಿಬಿಡ್ತೀನಿ. ಡಿಸ್ಕ್ ಬ್ರೇಕ್ ಅಂದ್ರೆ ಪೈಪಿನೊಳಗೆ ತುಂಬಿದ ಆಯಿಲ್‌ನ ಆಟ. ನೀವು ಲಿವರ್ ಹಿಡಿದ ಬಲವನ್ನ ಆ ಆಯಿಲ್ ಹೊತ್ಕೊಂಡು ಹೋಗಿ ಕ್ಯಾಲಿಪರ್ ಒಳಗಿನ ಪಿಸ್ಟನ್ ತಳ್ಳುತ್ತೆ, ಅದು ಪ್ಯಾಡನ್ನ ಡಿಸ್ಕಿಗೆ ಒತ್ತುತ್ತೆ. ಆಯಿಲನ್ನ ಅದುಮಿ ಕುಗ್ಗಿಸೋಕೆ ಆಗಲ್ಲ, ಅದಕ್ಕೇ ಬಲ ಪೂರ್ತಿ ತಲುಪುತ್ತೆ. ಒಂದು ಗುಳ್ಳೆ ಗಾಳಿ ಸೇರಿಕೊಂಡ್ರೆ ಗಾಳಿ ಕುಗ್ಗುತ್ತೆ, ನಿಮ್ಮ ಬಲವೆಲ್ಲ ಆ ಗುಳ್ಳೆಯನ್ನ ಹಿಂಡೋಕೇ ಖರ್ಚಾಗುತ್ತೆ, ಲಿವರ್ ಸ್ಪಂಜಿನ ಥರ ಆಗುತ್ತೆ. ಆ ಗಾಳಿಯನ್ನ, ಹಳೇ ಆಯಿಲನ್ನ ಹೊರಗೆ ಬಿಡೋ ಕಿಂಡಿಯೇ ಬ್ಲೀಡರ್ ನಿಪ್ಪಲ್. ನಡುವೆ ಟೊಳ್ಳು ಇರೋ ಸ್ಕ್ರೂ ಅದು. ತುದಿ ಪೆನ್ಸಿಲ್ ಮೊನೆ ಥರ ಚೂಪು. ಆ ಚೂಪು ಕ್ಯಾಲಿಪರ್ ಒಳಗೆ ಅದೇ ಆಕಾರದಲ್ಲಿ ಕೊರೆದ ಗುಂಡಿಗೆ ಹೋಗಿ ಕೂತ್ಕೊಳ್ಳುತ್ತೆ. ಚೂಪಿನ ಸ್ವಲ್ಪ ಮೇಲೆ ಅಡ್ಡಕ್ಕೆ ಒಂದು ತೂತು. ಕಾಲು ಸುತ್ತು ಸಡಿಲಿಸಿದ್ರೆ ಆ ತೂತಿನಿಂದ ಆಯಿಲ್ ಒಳಬಂದು ಟೊಳ್ಳಿನ ಮೂಲಕ ಹೊರಗೆ ಬರುತ್ತೆ. ಬಿಗಿದ್ರೆ ಬಂದ್.

ಇಲ್ಲಿ ಒಂದು ಮಾತು ಗಟ್ಟಿಯಾಗಿ ನೆನಪಿಟ್ಕೊಳ್ಳಿ: ಆಯಿಲನ್ನ ತಡೆಯೋದು ಥ್ರೆಡ್ ಅಲ್ಲ, ಆ ಚೂಪು ತುದಿ. ಥ್ರೆಡ್ ಬರೀ ಹಿಡಿದಿಡುತ್ತೆ ಅಷ್ಟೇ. ಹಾಗಾಗಿ ಸೋರೋ ನಿಪ್ಪಲ್‌ಗೆ ಟೆಫ್ಲಾನ್ ಸುತ್ತೋದು ಅಂದ್ರೆ ಗಾಯಕ್ಕೆ ಪೌಡರ್ ಹಚ್ಚಿದ ಹಾಗೆ. ಕೆಲವು ದಿನ ಸೋರಿಕೆ ಕಾಣಲ್ಲ. ನನ್ನ ಗಾಡಿಯಲ್ಲಿ ಆಗಿದ್ದೂ ಅದೇ. ಆ ಹೊಳೆಯೋ ನಿಪ್ಪಲ್‌ನ ಕಾಲು ಸ್ವಲ್ಪ ಗಿಡ್ಡ. ತುದಿ ಗುಂಡಿಗೆ ಕೂರೋ ಮೊದಲೇ ಮೇಲಿನ ಆರುಮೂಲೆ ತಲೆ ಬಂದು ಕ್ಯಾಲಿಪರ್‌ಗೆ ತಾಗಿಬಿಟ್ಟಿತ್ತು. ಹುಡುಗನ ಕೈಗೆ ಬಿಗಿಯಾಯ್ತು ಅನ್ನಿಸ್ತು. ಒಳಗೆ ಬಿಗಿಯಾಗಿರಲಿಲ್ಲ. ಪ್ರತಿ ಸಲ ಬ್ರೇಕ್ ಹಿಡಿದಾಗ ಒಂದೊಂದು ಹನಿ ಟೇಪಿನ ಸಂದಿಯಿಂದ ಹೊರಗೆ. ಮೂರು ವಾರದಲ್ಲಿ ಡಬ್ಬಿ ಖಾಲಿಯಾಗಿ, ಪೈಪಿಗೆ ಗಾಳಿ ಹೊಕ್ಕಿತು.

ಭಾಯ್ ಅದನ್ನ ಬಿಚ್ಚಿ, ತಮ್ಮ ಹತ್ರ ಇದ್ದ ಇನ್ನೊಂದನ್ನ ಪಕ್ಕದಲ್ಲಿ ಹಿಡಿದು ತೋರಿಸಿದ್ರು. ಅವೇ ಫೋಟೋದಲ್ಲಿರೋ ಎರಡು. ನೋಡೋಕೆ ಅಣ್ಣತಮ್ಮ. ಅಳತೆಯಲ್ಲಿ ಒಂದೂವರೆ ಮಿಲಿಮೀಟರ್ ವ್ಯತ್ಯಾಸ.

ಇದರಲ್ಲಿ ಸಂಘಟನೆ ವಿಷಯ ಏನಿದೆ ಅಂತೀರಾ? ನನ್ನ ಪ್ರಕಾರ ತುಂಬಾ ಇದೆ.

ಬಾಬಾಸಾಹೇಬರ 'ವೇಟಿಂಗ್ ಫಾರ್ ಎ ವೀಸಾ' ಓದಿದವರಿಗೆ ಚಾಳೀಸ್‌ಗಾಂವ್ ಪ್ರಸಂಗ ನೆನಪಿರಬೇಕು. 1929. ಅಸ್ಪೃಶ್ಯರ ಕುಂದುಕೊರತೆ ವಿಚಾರಿಸೋಕೆ ಬಾಂಬೆ ಸರ್ಕಾರ ಮಾಡಿದ್ದ ಸಮಿತಿಯ ಸದಸ್ಯರಾಗಿ ಅವರು ತಿರುಗಾಡ್ತಿದ್ರು. ಚಾಳೀಸ್‌ಗಾಂವ್ ಸ್ಟೇಷನ್ನಲ್ಲಿ ಇಳಿದಾಗ ಅಲ್ಲಿನ ಮಹಾರರು ರಾತ್ರಿ ನಮ್ಮ ಕೇರಿಯಲ್ಲೇ ಉಳೀಬೇಕು ಅಂತ ಕೇಳ್ಕೊಂಡ್ರು. ಆದರೆ ಅಸ್ಪೃಶ್ಯನನ್ನ ಕೂರಿಸ್ಕೊಂಡು ಟಾಂಗಾ ಹೊಡೆಯೋಕೆ ಒಬ್ಬ ಗಾಡಿಯವನೂ ಒಪ್ಪಲಿಲ್ಲ. ಟಾಂಗಾ ಬೇಕಾದ್ರೆ ಕೊಡ್ತೀವಿ, ನಾವು ಹೊಡೆಯಲ್ಲ ಅಂದ್ರು. ನಮ್ಮ ನಾಯಕ ನಡ್ಕೊಂಡು ಬಂದ್ರೆ ಮಾನ ಏನಾಗುತ್ತೆ ಅಂತ ಕೇರಿಯವರು ಗಾಡಿ ಹೊಡೆದು ಅಭ್ಯಾಸವೇ ಇಲ್ಲದ ತಮ್ಮವನೊಬ್ಬನನ್ನ ಕೂರಿಸಿದ್ರು. ನದಿಯ ಮೋರಿ ಮೇಲೆ ಚಕ್ರ ಕಲ್ಲಿಗೆ ಸಿಕ್ಕಿ ಬಾಬಾಸಾಹೇಬರು ಕಲ್ಲಿನ ಮೇಲೆ ಎಸೆಯಲ್ಪಟ್ರು, ಕುದುರೆ ಗಾಡಿ ಸಮೇತ ನದಿಗೆ ಬಿತ್ತು. ಅವರ ಕಾಲು ಮುರೀತು. ಟಾಂಗಾದವರ ಜಾತಿ ಸೊಕ್ಕನ್ನ ಅವರು ಬರೆದಿದಾರೆ. ಅದರ ಜೊತೆಗೇ, ತಮ್ಮವರು ಅತಿಥಿಯ ಸುರಕ್ಷತೆಗಿಂತ ಮರ್ಯಾದೆಯನ್ನ ದೊಡ್ಡದು ಮಾಡಿದ್ರು ಅನ್ನೋದನ್ನೂ ಮುಚ್ಚಿಡದೆ ಬರೆದಿದಾರೆ.

ನಾವು ಆ ಪ್ರಸಂಗದ ಮೊದಲ ಅರ್ಧ ಮಾತ್ರ ಭಾಷಣದಲ್ಲಿ ಹೇಳ್ತೀವಿ. ಎರಡನೇ ಅರ್ಧ ನಮಗೆ ಸಂಬಂಧಪಟ್ಟದ್ದು.

ನಮ್ಮಪ್ಪ ಸೈಕಲ್ ಇದ್ದೂ ಮೇಲ್ಕೇರಿ ಪಟೇಲರ ಮನೆ ಮುಂದೆ ಇಳಿದು ತಳ್ಕೊಂಡು ಹೋಗ್ತಿದ್ದ. ಅದನ್ನ ನೋಡಿ ಬೆಳೆದವನು ನಾನು. ಅದಕ್ಕೇ ನನಗೂ ನಿಮಗೂ ಬೈಕ್ ಅಂದ್ರೆ ಬರೀ ಗಾಡಿ ಅಲ್ಲ. ಅದೇ ಬೀದಿಯಲ್ಲಿ ಕೂತು, ಹಾರ್ನ್ ಹೊಡೆದು, ನೀಲಿ ಬಾವುಟ ಕಟ್ಕೊಂಡು ಹೋಗೋದು. ಏಪ್ರಿಲ್ 14ಕ್ಕೆ ನಮ್ಮ ಬೈಕ್ ರ್‍ಯಾಲಿ ನೋಡಿ. ಗಾಡಿ ಮೇಲೆ ಬಾಬಾಸಾಹೇಬರ ಸ್ಟಿಕರ್‌ಗೆ 300 ರೂಪಾಯಿ, ಸೈಲೆನ್ಸರ್‌ಗೆ ಸಾವಿರ. ಬ್ರೇಕ್ ಆಯಿಲ್ ಯಾವ ಕಾಲದ್ದೋ ಕಪ್ಪು ಕಾಫಿ ಥರ ಆಗಿರುತ್ತೆ. ಬೈತಿಲ್ಲ, ನನ್ನ ಗಾಡಿಯೂ ಹಾಗೇ ಇತ್ತು.

ಇನ್ನೊಂದು. ಇತ್ತೀಚೆಗೆ ದೊಡ್ಡ ದೊಡ್ಡ ಕಾಲೇಜಲ್ಲಿ ಓದಿದವರು 'ಜುಗಾಡ್' ಅಂತ ಹೊಗಳೋದು ಫ್ಯಾಷನ್ ಆಗಿದೆ. ಬಡವರ ಬುದ್ಧಿವಂತಿಕೆಯಂತೆ, ಭಾರತದ ಪ್ರತಿಭೆಯಂತೆ. ಅವರ ಕಾರು ಮಾತ್ರ ಕಂಪನಿ ಶೋರೂಮಿಗೇ ಹೋಗುತ್ತೆ, ಬಿಲ್ಲಿನಲ್ಲಿ ಒರಿಜಿನಲ್ ಅಂತ ಬರೆದಿರಬೇಕು. ಜುಗಾಡ್ ನಮಗೆ. ಮ್ಯಾನ್‌ಹೋಲಿಗೆ ಸೊಂಟಕ್ಕೆ ಹಗ್ಗ ಕಟ್ಟಿ ಇಳಿಸೋದೂ ಜುಗಾಡೇ. 2013ರಲ್ಲಿ ಮಲಹೊರುವ ಪದ್ಧತಿ ನಿಷೇಧದ ಹೊಸ ಕಾನೂನು ಬಂತು. ಸತ್ತವರ ಕುಟುಂಬಕ್ಕೆ ಕೊಡಬೇಕಾದ ಪರಿಹಾರವನ್ನ ಸುಪ್ರೀಂ ಕೋರ್ಟು 2023ರಲ್ಲಿ 10 ಲಕ್ಷದಿಂದ 30 ಲಕ್ಷಕ್ಕೆ ಏರಿಸ್ತು. ಪರಿಹಾರ ಏರಿಸಬೇಕಾಗಿ ಬಂತು ಅಂದ್ರೆ ಜನ ಸಾಯೋದು ನಿಂತಿಲ್ಲ ಅಂತಲೇ ಅರ್ಥ. ಮಾಸ್ಕ್ ಇಲ್ಲ, ಮೆಷಿನ್ ಇಲ್ಲ, "ಒಂದೈದು ನಿಮಿಷ, ನಡೆಯುತ್ತೆ ಇಳಿ". ನಮ್ಮ ಜನರ ಸಾವಿನಲ್ಲೆಲ್ಲ ಈ 'ನಡೆಯುತ್ತೆ' ಇದ್ದೇ ಇರುತ್ತೆ. ಅದನ್ನ ಕಾಂಟ್ರಾಕ್ಟರ್ ಹೇಳಿದಾಗ ಕೇಸ್ ಹಾಕು ಅಂತ ಠಾಣೆ ಮುಂದೆ ಕೂರ್ತೀವಿ. ನನ್ನ ಗಾಡಿಗೆ ನಾನೇ ಹೇಳಿಕೊಂಡೆನಲ್ಲ?

ಬೇಜಾರಾಗಿದ್ದು ಇನ್ನೊಂದು ಕಡೆ. ಆಮೇಲೆ ಒಂದು ಸ್ಟಾಕ್ ಇಟ್ಕೊಳ್ಳೋಣ ಅಂತ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋದೆ. ಕೌಂಟರಿನವರು ನನ್ನ ಗಾಡಿ ನೋಡಿದ್ರು, ಕಾಲಿನ ಚಪ್ಪಲಿ ನೋಡಿದ್ರು, ಕೇಳದೆಯೇ ಡೂಪ್ಲಿಕೇಟ್ ಡಬ್ಬ ಎಳೆದ್ರು. "ಇದೇ ಸಾಕು ನಿಮಗೆ." ನಾನು ಪಾರ್ಟ್ ನಂಬರ್ ಹೇಳಿದ ಮೇಲೆ ಮುಖ ಬೇರೆ ಆಯ್ತು. ಒಳಗಿಂದ ಸೀಲ್ ಇರೋ ಕವರ್ ಬಂತು. ಜಾತಿ ಕೇಳಿದ್ರಾ ಅಂದ್ರೆ, ಇಲ್ಲ. ಕೇಳೋ ಅಗತ್ಯ ಎಲ್ಲಿರುತ್ತೆ? ಆದರೆ ಒಂದು ಕಲಿತೆ. ಅಂಥ ಕೌಂಟರಲ್ಲಿ ಕೋಪಕ್ಕಿಂತ ಪಾರ್ಟ್ ನಂಬರ್‌ಗೆ ಬೆಲೆ ಜಾಸ್ತಿ. ಹಾಗಾಗಿ ನೀವೂ ಗೊತ್ತುಮಾಡ್ಕೊಂಡು ಹೋಗಿ. ಏನು ನೋಡಬೇಕು ಅಂತ ಭಾಯ್ ಹೇಳಿಕೊಟ್ಟದ್ದನ್ನ, ಆಮೇಲೆ ನಾನು ಕೈಯಾರೆ ಮಾಡಿ ನೋಡಿದ್ದನ್ನ ಬರೀತೀನಿ.

ಮೊದಲು ಅಳತೆ. ನಿಪ್ಪಲ್‌ಗೆ ಎರಡು ಸಂಖ್ಯೆ ಇರುತ್ತೆ, ದಪ್ಪ ಮತ್ತು ಥ್ರೆಡ್‌ನ ಅಂತರ. ಜಪಾನಿ ಮಾದರಿಯ ಕ್ಯಾಲಿಪರ್‌ಗಳಲ್ಲಿ ಹೆಚ್ಚಾಗಿ ಎಂ8, 1.25. ಅಂದ್ರೆ 8 ಮಿಲಿಮೀಟರ್ ದಪ್ಪ, ಒಂದು ಥ್ರೆಡ್‌ನಿಂದ ಇನ್ನೊಂದಕ್ಕೆ 1.25. ಬ್ರೆಂಬೋದ ದೊಡ್ಡ ಕ್ಯಾಲಿಪರ್‌ಗಳಲ್ಲಿ ಎಂ10, 1.0 ಸಾಮಾನ್ಯ. ಬೇರೆ ಅಳತೆಗಳೂ ಇವೆ. ಹಾಗಾಗಿ "ಈ ಕಂಪನಿ ಗಾಡಿಗೆ ಇದೇ" ಅಂತ ಯಾರಾದ್ರೂ ಬಾಯಲ್ಲಿ ಹೇಳಿದ್ರೆ ನಂಬಬೇಡಿ, ನಾನು ಹೇಳಿದ್ರೂ ಸಹ. ನಿಮ್ಮದನ್ನ ಬಿಚ್ಚಿ ಕೈಯಲ್ಲಿ ಹಿಡ್ಕೊಂಡು ಹೋಗಿ. ಥ್ರೆಡ್ ಅಳೆಯೋ ಗೇಜ್ ಇಲ್ಲದಿದ್ರೆ ಹಳೇದನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ಥ್ರೆಡ್‌ಗೆ ಥ್ರೆಡ್ ಒತ್ತಿ ಬೆಳಕಿಗೆ ಹಿಡೀರಿ. ಹಲ್ಲಿಗೆ ಹಲ್ಲು ಕೂತ್ರೆ ಸರಿ. ಸಂದಿಯಲ್ಲಿ ಬೆಳಕು ಕಂಡ್ರೆ ಬೇಡ. ಹಾಕುವಾಗ ಮೊದಲು ಪಾನಾ ಮುಟ್ಟಲೇಬೇಡಿ, ಬೆರಳಲ್ಲೇ ತಿರುಗಿಸಿ. ಎರಡು ಸುತ್ತು ಹೋಗಿ ಗಟ್ಟಿಯಾದ್ರೆ ನಿಲ್ಲಿಸಿ. ಅದು ಬೇರೆ ಥ್ರೆಡ್. ನಿಪ್ಪಲ್ ಸ್ಟೀಲು, ಕ್ಯಾಲಿಪರ್ ಅಲ್ಯೂಮಿನಿಯಂ. ಜಬರ್ದಸ್ತಿ ಮಾಡಿದ್ರೆ ಹಾಳಾಗೋದು ದುಬಾರಿಯದ್ದೇ.

ಆಮೇಲೆ ಉದ್ದ ಮತ್ತು ತುದಿ. ನನ್ನ ಪ್ರಾಣಕ್ಕೆ ಬಂದಿದ್ದು ಇದೇ. ತಲೆಯ ಕೆಳಗಿಂದ ಚೂಪಿನವರೆಗೆ ಹಳೇದರಷ್ಟೇ ಉದ್ದ ಇರಬೇಕು, ಚೂಪಿನ ಓರೆಯೂ ಅದೇ ಇರಬೇಕು. ಸರಿಯಾದದ್ದನ್ನ ಪೂರ್ತಿ ಬಿಗಿದ ಮೇಲೆ ತಲೆಗೂ ಕ್ಯಾಲಿಪರ್‌ಗೂ ನಡುವೆ ಒಂದು ಸಣ್ಣ ಸಂದಿ ಉಳಿದಿರುತ್ತೆ. ತಲೆ ಹೋಗಿ ಕ್ಯಾಲಿಪರ್‌ಗೆ ಅಂಟಿದೆ ಅಂದ್ರೆ ಒಳಗೆ ತುದಿ ಕೂತಿಲ್ಲ ಅಂತ ಅನುಮಾನ ಪಡಿ.

ಲೋಹದ ಬಗ್ಗೆ ಎಲ್ಲರೂ ಕೇಳೋದು: ಸ್ಟೇನ್‌ಲೆಸ್ ಹಾಕಿಸಲಾ? ಕಂಪನಿಯಿಂದ ಬರೋದು ಸಾಮಾನ್ಯವಾಗಿ ಸತು ಲೇಪನದ ಸ್ಟೀಲು. ಮೇಲಿನ ರಬ್ಬರ್ ಟೋಪಿ ಬಿದ್ದುಹೋದ್ರೆ ನೀರು, ಕೆಸರು ಟೊಳ್ಳಿನೊಳಗೆ ಇಳಿದು ತುಕ್ಕು ಹಿಡಿಯುತ್ತೆ, ಆಮೇಲೆ ಬಿಚ್ಚೋಕೆ ಹೋದಾಗ ಕತ್ತು ಮುರಿದು ಅರ್ಧ ಒಳಗೇ ಉಳಿಯುತ್ತೆ. ಸ್ಟೇನ್‌ಲೆಸ್‌ಗೆ ಆ ತುಕ್ಕಿನ ಕಾಟ ಕಮ್ಮಿ. ಆದರೆ ಅಲ್ಯೂಮಿನಿಯಂ ಜೊತೆ ವರ್ಷಗಟ್ಟಲೆ ಒದ್ದೆಯಲ್ಲಿ ಕೂತ್ರೆ ಸ್ಟೇನ್‌ಲೆಸ್ಸೂ ಕಚ್ಚಿಕೊಳ್ಳುತ್ತೆ. ಎರಡು ಬೇರೆ ಲೋಹ ಸೇರಿದಲ್ಲಿ ಅಲ್ಯೂಮಿನಿಯಂ ಕರಗಿ ಬಿಳಿ ಪುಡಿ ಆಗುತ್ತೆ. ಥ್ರೆಡ್‌ನ ಮೇಲ್ಭಾಗಕ್ಕೆ ಮಾತ್ರ ತೆಳ್ಳಗೆ ಬ್ರೇಕ್‌ಗೆ ಅಂತಲೇ ಸಿಗೋ ಗ್ರೀಸ್ ಸವರಬೇಕು, ತುದಿಗೆ ತಾಗಬಾರದು. ಮಾಮೂಲಿ ಗ್ರೀಸ್ ಬೇಡವೇ ಬೇಡ, ಒಳಗಿನ ರಬ್ಬರ್ ಸೀಲ್ ಊದಿಸುತ್ತೆ. ನನ್ನ ಅಭಿಪ್ರಾಯ ಕೇಳಿದ್ರೆ, ಕಂಪನಿಯ ಮಾಮೂಲಿ ಸ್ಟೀಲ್ ನಿಪ್ಪಲ್ಲೇ ಹಾಕಿ, ಟೋಪಿ ಕಳ್ಕೋಬೇಡಿ, ವರ್ಷಕ್ಕೊಮ್ಮೆ ಆಯಿಲ್ ಬದಲಿಸೋ ನೆಪದಲ್ಲಿ ಬಿಚ್ಚಿ ಹಾಕಿ. ಬಿಚ್ತಾ ಇದ್ರೆ ಅದು ಕಚ್ಚಿಕೊಳ್ಳಲ್ಲ. ಕೆಂಪು ನೀಲಿ ಬಣ್ಣದ ಅಲ್ಯೂಮಿನಿಯಂ ನಿಪ್ಪಲ್ ಆನ್‌ಲೈನಲ್ಲಿ ಬರ್ತವೆ. ನೀಲಿ ಅಂತ ಆಸೆಪಟ್ಟು ತರಿಸಬೇಡಿ. ಮೆತ್ತನೆ ಲೋಹ, ತಲೆ ಬೇಗ ಸವೆಯುತ್ತೆ.

ನಮ್ಮ ಒಬ್ಬರು ಟೀಚರ್ ಅಕ್ಕ, ಸ್ಕೂಟರಲ್ಲೇ ಮೂರು ತಾಲ್ಲೂಕು ಸುತ್ತೋರು, ಸ್ಪೀಡ್ ಬ್ಲೀಡರ್ ಬಗ್ಗೆ ಕೇಳಿದ್ರು. ಅದರೊಳಗೆ ಒಂದು ಸ್ಪ್ರಿಂಗು, ಒಂದು ಗುಂಡು ಇರುತ್ತೆ. ಆಯಿಲ್ ಹೊರಗೆ ಹೋಗುತ್ತೆ, ಗಾಳಿ ಒಳಗೆ ವಾಪಸ್ ಬರಲ್ಲ. ಮಾಮೂಲಿ ನಿಪ್ಪಲ್‌ನಲ್ಲಿ ಲಿವರ್ ಒತ್ತಿ ಹಿಡಿಯೋಕೆ ಒಬ್ಬರು, ಬಿಚ್ಚಿ ಬಿಗಿಯೋಕೆ ಇನ್ನೊಬ್ಬರು ಇದ್ರೆ ಸಲೀಸು. ಬಿಗಿಯೋ ಮೊದಲು ಲಿವರ್ ಬಿಟ್ರೆ ಗಾಳಿ ಒಳಗೆ. ಸ್ಪೀಡ್ ಬ್ಲೀಡರ್ ಇದ್ರೆ ಒಬ್ಬರೇ ಮಾಡ್ಕೋಬಹುದು. ಇದರ ಥ್ರೆಡ್‌ಗೆ ಕಂಪನಿಯೇ ಒಂದು ಲೇಪ ಹಚ್ಚಿರುತ್ತೆ, ಅದು ಸಡಿಲಿಸಿದಾಗ ಥ್ರೆಡ್ ಸಂದಿಯಿಂದ ಗಾಳಿ ಎಳೀದಿರಲಿ ಅಂತ, ಬಿಗಿದ ಮೇಲಿನ ಸೋರಿಕೆ ತಡೆಯೋಕಲ್ಲ. ಅಕ್ಕನಿಗೆ ಹಾಕಿಸಿ ಅಂದೆ. ಗಂಡನನ್ನೋ ತಮ್ಮನನ್ನೋ ಕಾಯಬೇಕಾಗಿಲ್ಲ ಅನ್ನೋದು ಸಣ್ಣ ವಿಷಯ ಅಲ್ಲ. ಆದರೆ ಒಳ್ಳೇ ಕಂಪನಿಯದೇ ಆಗಬೇಕು, ಕಸ ಸಿಕ್ಕಿ ಗುಂಡು ನಿಂತುಬಿಟ್ರೆ ಲಾಭ ಇಲ್ಲ.

ಬಿಗಿಯೋ ವಿಷಯದಲ್ಲಿ ನಮ್ಮ ಹುಡುಗರ ತೋಳ್ಬಲವೇ ಶತ್ರು. ಹೆಚ್ಚಿನ ಗಾಡಿಗಳಿಗೆ 5ರಿಂದ 8 ನ್ಯೂಟನ್ ಮೀಟರ್ ಸಾಕು, ಅಂದ್ರೆ ಸಣ್ಣ ರಿಂಗ್ ಪಾನಾದಲ್ಲಿ ಮಣಿಕಟ್ಟಿನ ಬಲ. ಮೊಣಕೈ ಬಳಸಿದ್ರೆ ಜಾಸ್ತಿ ಆಯ್ತು. ಡಬಲ್ ಎಂಡ್ ಪಾನಾದಲ್ಲಿ ತಲೆಯ ಮೂಲೆ ಸವೆಯುತ್ತೆ, ರಿಂಗ್ ಪಾನಾನೇ ಬಳಸಿ. ಸೋರ್ತಿದೆ ಅಂತ ಇನ್ನೂ ಬಿಗಿಯೋದಕ್ಕಿಂತ ಬಿಚ್ಚಿ ತುದಿ ಒರೆಸಿ ನೋಡೋದು ವಾಸಿ, ಎಷ್ಟೋ ಸಲ ಒಂದು ಕಣ ಮರಳು ಸಿಕ್ಕಿರುತ್ತೆ. ಕ್ಯಾಲಿಪರ್ ಒಳಗಿನ ಗುಂಡಿಯೇ ಗೀರಿದ್ರೆ ಯಾವ ನಿಪ್ಪಲ್ ಹಾಕಿದ್ರೂ ಸೋರುತ್ತೆ, ಆಗ ಕ್ಯಾಲಿಪರ್ ಬದಲಿಸೋ ಮಾತು.

ಆಯಿಲ್ ಡಬ್ಬಿ ಮುಚ್ಚಳದ ಮೇಲೆ ಡಾಟ್ 3, ಡಾಟ್ 4 ಅಂತ ಬರೆದಿರುತ್ತೆ, ಅದನ್ನೇ ಹಾಕಿ. ಈ ಆಯಿಲ್ ಗಾಳಿಯ ತೇವ ಕುಡಿಯುತ್ತೆ. ಡಾಟ್ 4 ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಲ್ಲ, ತೇವ ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತೆ. ಘಾಟಿಯಲ್ಲಿ ಬ್ರೇಕ್ ಕಾದು ಆಯಿಲ್ ಕುದ್ರೆ ಆವಿ ಗುಳ್ಳೆ, ಮತ್ತೆ ಅದೇ ಸ್ಪಂಜು. ಅರ್ಧ ಉಳಿದ ಹಳೇ ಬಾಟಲ್ ಬೇಡ, ಸೀಲ್ ಇರೋದೇ ತಗೊಳ್ಳಿ. ಡಾಟ್ 5 ಅನ್ನೋದು ಸಿಲಿಕಾನ್, ಇದರ ಜೊತೆ ಬೆರೆಸಬಾರದು. ಪೇಂಟ್ ಮೇಲೆ ಚೆಲ್ಲಿದ್ರೆ ತಕ್ಷಣ ನೀರು ಹಾಕಿ. ಪ್ಯಾಡಿಗೆ ಆಯಿಲ್ ತಾಗಿದ್ರೆ ಪ್ಯಾಡ್ ಬಿಸಾಕಿ. ನನ್ನ ಹೊಸ ಪ್ಯಾಡ್ ಹೋಗಿದ್ದು ಹಾಗೇ, 40 ಉಳಿಸೋಕೆ ಹೋಗಿ. ಎಬಿಎಸ್ ಇರೋ ಗಾಡಿಯವರು ಅದರ ಡಬ್ಬಿಯೊಳಗೆ ಗಾಳಿ ಹೊಕ್ಕಿದ್ರೆ ಮನೆಯಲ್ಲಿ ಸಾಹಸ ಮಾಡಬೇಡಿ, ಕೆಲವಕ್ಕೆ ಮೆಷಿನ್ ಬೇಕಾಗುತ್ತೆ.

ಕೆಲವರಿಗೆ ಇದೆಲ್ಲ ಕೆಳಗಿನ ಕೆಲಸ ಅನ್ನಿಸಬಹುದು. ಜಾತಿ ಅಂದ್ರೆ ಶ್ರಮದ ವಿಭಜನೆ ಅಲ್ಲ, ಶ್ರಮಿಕರ ವಿಭಜನೆ ಅಂತ ಬಾಬಾಸಾಹೇಬರು 1936ರಲ್ಲೇ ಹೇಳಿದ್ದನ್ನ ಸ್ಟೇಟಸ್ ಹಾಕೋ ನಾವು, ಕೈಗೆ ಗ್ರೀಸ್ ಮೆತ್ತಿಕೊಂಡವನನ್ನ "ಏ ಹುಡುಗ" ಅಂತಲೇ ಕರೀತೀವಿ. ಆ ಹನೂರು ದಾರಿಯ ಭಾಯ್ ಏಳನೇ ಕ್ಲಾಸಿಗೆ ಶಾಲೆ ಬಿಟ್ಟವರು. ಒಂದೂವರೆ ಮಿಲಿಮೀಟರ್ ವ್ಯತ್ಯಾಸವನ್ನ ಟಾರ್ಚ್ ಬೆಳಕಲ್ಲಿ ಬೆರಳಿನಿಂದ ಹಿಡಿದ್ರು. ನಾನು ಎಂ.ಎ. ಮಾಡಿದವನು, ಮೂರು ವಾರ ಅದೇ ಗಾಡಿ ಓಡಿಸಿದೆ, ಗೊತ್ತಾಗಲಿಲ್ಲ. ದುಡ್ಡು ಕೊಡೋಕೆ ಹೋದಾಗ ನಿಪ್ಪಲ್ ಮತ್ತು ಆಯಿಲಿನ ದುಡ್ಡು ಮಾತ್ರ ತಗೊಂಡು, "ರಾತ್ರಿ ಹೊತ್ತು ಹೋಗ್ತಿದೀರ, ನಿಧಾನ ಹೋಗಿ ಅಣ್ಣಾ" ಅಂದ್ರು. ಹಳೇ ನಿಪ್ಪಲ್ ನನ್ನ ಕೈಗೇ ಕೊಟ್ರು, ಇಟ್ಕೊಳ್ಳಿ ಅಂತ.

ಈಗ ಕೆಲಸದ ಮಾತು. ಮುಂದಿನ ಭಾನುವಾರ ಬೆಳಗ್ಗೆ ಎಂಟಕ್ಕೆ ನಮ್ಮ ಅಂಬೇಡ್ಕರ್ ಭವನದ ಹಿಂದಿನ ಬಯಲಲ್ಲಿ ಸೇರೋಣ. ರ್‍ಯಾಲಿಗೆ ಬರೋ ಗಾಡಿಗಳೆಲ್ಲ ಬರಲಿ. ಭಾಯ್‌ನ ಕರೆದಿದೀನಿ, ಆ ದಿನದ ದುಡಿಮೆ ಹೋಗುತ್ತಲ್ಲ, ಗಾಡಿಗೆ 100 ರೂಪಾಯಿ ಹಾಕಿ ಅವರಿಗೆ ಕೊಡೋಣ, ಬಿಟ್ಟಿ ಮಾಡಿಸ್ಕೊಳ್ಳೋದು ಬೇಡ. 8 ಎಂಎಂ ರಿಂಗ್ ಪಾನಾ, ಒಂದು ಮೊಳ ಸಣ್ಣ ಟ್ರಾನ್ಸ್‌ಪರೆಂಟ್ ಪೈಪು, ಖಾಲಿ ಬಾಟಲಿ, ಹಳೇ ಬಟ್ಟೆ ತನ್ನಿ. ಆಯಿಲ್ ನಾನು ತರ್ತೀನಿ, ಸೀಲ್ ಇರೋದು. ಟೀಚರ್ ಅಕ್ಕ ಬರ್ತಾರೆ, ಬೇರೆ ಹೆಣ್ಮಕ್ಕಳೂ ಬನ್ನಿ. ತಮ್ಮ ಈಗಲೇ ಹೇಳಿದಾನೆ, ತನ್ನ ಗಾಡಿ ಮೊದಲು ಅಂತ.